ವಯಸ್ಕರ ಪಿಟೀಲು ಕಲಿಕೆ: ಮೊದಲ ವರ್ಷದ ಅಭ್ಯಾಸಕ್ರಮ

ಪಿಟೀಲಿಗೆ ಮೆಟ್ಟಿಲುಗಳಿಲ್ಲ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು ಸ್ವರ ಎಲ್ಲಿದೆ ಎಂಬುದನ್ನು ಬೆರಳಿಗೆ ತೋರಿಸಿಕೊಡುತ್ತವೆ, ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ತಾನಾಗಿ ನುಡಿಯುತ್ತದೆ. ಪಿಟೀಲಿನಲ್ಲಿ ಮಾತ್ರ ನುಣುಪಾದ ಕರಿಯ ಪಟ್ಟಿಯ ಮೇಲೆ ಬೆರಳು ಎಲ್ಲಿ ಕೂರಬೇಕೆಂಬುದನ್ನು ಕಿವಿಯೇ ಹೇಳಬೇಕು. ಆದ್ದರಿಂದ ದೊಡ್ಡವರಾದ ಮೇಲೆ ಈ ವಾದ್ಯವನ್ನು ಕಲಿಯಲು ಹೊರಟವರು ಮೊದಲು ಕಿವಿಯನ್ನು, ಆಮೇಲೆ ಕಮಾನು ಹಿಡಿಯುವ ಬಲಗೈಯನ್ನು, ಕೊನೆಗೆ ತಂತಿ ಒತ್ತುವ ಎಡಗೈಯನ್ನು ಪಳಗಿಸಿಕೊಳ್ಳಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತೇವೆ. ಇಷ್ಟು ವರ್ಷ ಕೇಳಿದ ದೇವರನಾಮಗಳು ತಲೆಯಲ್ಲಿ ತುಂಬಿರುವುದರಿಂದ, ಬೆರಳು ಎಲ್ಲಿಡಬೇಕೆಂದು ಒಮ್ಮೆ ಗೊತ್ತಾದರೆ ಸಾಕು, ಹಾಡನ್ನೇ ನುಡಿಸಿಬಿಡಬಹುದು ಎಂದು ಆತುರಪಡುತ್ತೇವೆ. ನಲವತ್ತೊಂದನೆಯ ವಯಸ್ಸಿನಲ್ಲಿ ಹನುಮಂತನಗರದ ಮಹಡಿ ಮನೆಯೊಂದರಲ್ಲಿ ಪಾಠಕ್ಕೆ ಸೇರಿದಾಗ ನನಗಿದ್ದದ್ದೂ ಇದೇ ಆತುರ. ಗುರುಗಳು ಮೊದಲ ಒಂದು ತಿಂಗಳು ನನ್ನ ಎಡಗೈಯನ್ನು ತಂತಿಯ ಹತ್ತಿರವೇ ಬಿಡಲಿಲ್ಲ. ಅದರ ಬೆಲೆ ಈಗ ತಿಳಿಯುತ್ತಿದೆ.

ಪದ್ಧತಿ ಮತ್ತು ಗುರು

ಕರ್ನಾಟಕ ಸಂಗೀತವೋ ಪಾಶ್ಚಾತ್ಯ ಸಂಗೀತವೋ ಎಂಬುದನ್ನು ವಾದ್ಯ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಎರಡಕ್ಕೂ ಗುರುಗಳಿದ್ದಾರೆ. ವಾದ್ಯ ಒಂದೇ ಆದರೂ ಕೂರುವ ರೀತಿ, ಶ್ರುತಿ ಮಾಡುವ ರೀತಿ, ಬೆರಳು ಚಲಿಸುವ ರೀತಿ ಬೇರೆಬೇರೆಯಾದ್ದರಿಂದ ಮೊದಲ ವರ್ಷದಲ್ಲಿ ಎರಡನ್ನೂ ಬೆರೆಸುವುದು ಒಳ್ಳೆಯದಲ್ಲ. ಈ ಲೇಖನ ಕರ್ನಾಟಕ ಪದ್ಧತಿಯನ್ನು ಕುರಿತದ್ದು.

ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರ ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಾಲದಿಂದಲೂ ಪಿಟೀಲಿನ ಮುಖ್ಯ ಕೆಲಸ ಹಾಡುಗಾರಿಕೆಯನ್ನು ಹಿಂಬಾಲಿಸುವುದೇ ಆಗಿದೆ. ನಮ್ಮ ಮೈಸೂರು ಟಿ. ಚೌಡಯ್ಯನವರು ಪಿಟೀಲನ್ನು ಕಲಿತದ್ದು ಗಾಯಕರಾದ ಬಿಡಾರಂ ಕೃಷ್ಣಪ್ಪನವರಲ್ಲಿ. ಆದ್ದರಿಂದ ಗುರುವನ್ನು ಹುಡುಕುವಾಗ ನಾನು ಮೊದಲು ಗಮನಿಸುವುದು ಅವರು ಪಾಠವನ್ನು ಹಾಡಿ ಹೇಳಿಕೊಡುತ್ತಾರೆಯೇ, ವಿದ್ಯಾರ್ಥಿಯಿಂದಲೂ ಹಾಡಿಸುತ್ತಾರೆಯೇ ಎಂಬುದನ್ನು. ಕಂಠ ಚೆನ್ನಾಗಿಲ್ಲ ಎಂದು ಯಾರೂ ಹಿಂಜರಿಯಬೇಕಾಗಿಲ್ಲ; ಇಲ್ಲಿ ಹಾಡುವುದು ಸ್ವರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ ಮಾತ್ರ.

ಎರಡನೆಯದು ದೂರ. ಬಹಳ ದೊಡ್ಡ ವಿದ್ವಾಂಸರೆಂದು ಬನಶಂಕರಿಯಿಂದ ಹೆಬ್ಬಾಳದವರೆಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಹೋಗಿ ಬರುವ ಪಾಠ ಮೂರು ತಿಂಗಳು ನಡೆದರೆ ಹೆಚ್ಚು. ಕಚೇರಿಗೆ ಹೋಗುವವರು ನಡೆದು ಹೋಗುವಷ್ಟು ದೂರದಲ್ಲಿ, ಬೆಳಗ್ಗೆ ಏಳರ ಒಳಗಿನ ಹೊತ್ತಿನಲ್ಲಿ, ವಾರಕ್ಕೆ ಎರಡು ಪಾಠಗಳನ್ನು ಗೊತ್ತುಮಾಡಿಕೊಳ್ಳುವುದು ಜಾಣತನ. ಆನ್‌ಲೈನ್ ಪಾಠವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಮೂರು ತಿಂಗಳಾದರೂ ಗುರುಗಳ ಎದುರಿಗೇ ಕೂರಬೇಕು, ಏಕೆಂದರೆ ಬಲಗೈಯ ಹೆಬ್ಬೆರಳು ಬಿಗಿಯಾಗಿದೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಅವರು ಮುಟ್ಟಿ ನೋಡಿಯೇ ತಿಳಿಯಬೇಕು.

ವಾದ್ಯ

ವಯಸ್ಕರಿಗೆ ಬೇಕಾದದ್ದು ಪೂರ್ಣ ಅಳತೆಯ, ಅಂಗಡಿಯವರು ಫೋರ್ ಬೈ ಫೋರ್ ಎನ್ನುವ ಪಿಟೀಲು. ಮೊದಲ ವಾದ್ಯಕ್ಕೆ ಹೆಚ್ಚು ಹಣ ಹಾಕುವುದಕ್ಕಿಂತ, ಕೊಂಡ ವಾದ್ಯವನ್ನು ಬಲ್ಲವರಿಂದ ಸರಿಯಾಗಿ ಜೋಡಿಸಿಕೊಳ್ಳುವುದಕ್ಕೆ ಸ್ವಲ್ಪ ಹಣ ಮೀಸಲಿಡುವುದು ಮೇಲು. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಪಿಟೀಲು ಅಂಚೆಯ ಪೆಟ್ಟಿಗೆಯಲ್ಲಿ ಬಂತು. ತಂತಿಗಳನ್ನು ಹೊತ್ತು ನಿಲ್ಲುವ, ವೀಣೆಯವರು ಕುದುರೆ ಎನ್ನುವ ಬ್ರಿಡ್ಜನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟಿದ್ದರು. ನಾನೇ ಅದನ್ನು ನಿಲ್ಲಿಸಿದೆ, ಅದೂ ಹಿಂದುಮುಂದಾಗಿ: ದಪ್ಪ ತಂತಿಯ ಕೆಳಗೆ ಇರಬೇಕಾದ ಎತ್ತರದ ಭಾಗ ಸಣ್ಣ ತಂತಿಯ ಕೆಳಗೆ ಹೋಯಿತು. ತಪ್ಪು ತಿಳಿದ ಮೇಲೆ ಸರಿಪಡಿಸಲೆಂದು ನಾಲ್ಕೂ ತಂತಿಗಳನ್ನು ಒಟ್ಟಿಗೆ ಸಡಿಲಿಸಿದಾಗ ವಾದ್ಯದ ಒಳಗೆ ಏನೋ ಉರುಳಿದ ಸದ್ದಾಯಿತು. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ತಂತಿಗಳ ಒತ್ತಡದಿಂದಲೇ ನಿಂತಿರುವ, ಅಂಟು ಹಾಕದ ಒಂದು ಸಣ್ಣ ಕಡ್ಡಿ ಇದೆ. ಅದನ್ನು ಸೌಂಡ್ ಪೋಸ್ಟ್ ಎನ್ನುತ್ತಾರೆ. ಅದು ಬಿದ್ದರೆ ಮತ್ತೆ ನಿಲ್ಲಿಸುವುದು ಕಸಬುದಾರರ ಕೆಲಸ. ಆದ್ದರಿಂದ ತಂತಿ ಬದಲಿಸುವಾಗ ಒಂದನ್ನು ತೆಗೆದು, ಹೊಸದನ್ನು ಹಾಕಿ, ಬಿಗಿ ಮಾಡಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು.

ಗುರುಗಳೊಡನೆ ಅಥವಾ ಹಿರಿಯ ವಿದ್ಯಾರ್ಥಿಯೊಬ್ಬರೊಡನೆ ಬಳೇಪೇಟೆಯ ವಾದ್ಯದಂಗಡಿಗಳಿಗೆ ಹೋಗಿ, ನುಡಿಸಿ ನೋಡಿ ತರುವುದು ಉತ್ತಮ. ಅಲ್ಲಿ ನೋಡಬೇಕಾದವು ಕೆಲವೇ: ಬ್ರಿಡ್ಜಿನ ಎರಡೂ ಪಾದಗಳು ಹಲಗೆಗೆ ಸಂದಿಲ್ಲದಂತೆ ಕೂತಿವೆಯೇ, ತಂತಿಗಳು ಪಟ್ಟಿಯಿಂದ ತೀರಾ ಎತ್ತರದಲ್ಲಿ ನಿಂತು ಒತ್ತಿದರೆ ಬೆರಳು ನೋಯುತ್ತದೆಯೇ, ತಂತಿ ಬಿಗಿ ಮಾಡುವ ಬಿರಡೆಗಳು ತಿರುಗಿಸಿದಲ್ಲಿ ನಿಲ್ಲುತ್ತವೆಯೇ. ನಾಲ್ಕು ತಂತಿಗೂ ಶ್ರುತಿಯನ್ನು ಸೂಕ್ಷ್ಮವಾಗಿ ತಿದ್ದುವ ಫೈನ್ ಟ್ಯೂನರ್ ಇದ್ದರೆ ಹೊಸಬರಿಗೆ ಬಹಳ ಅನುಕೂಲ. ಕಮಾನನ್ನು ಮರೆಯಬಾರದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಾಗ ಕೋಲು ಪಕ್ಕಕ್ಕೆ ತಿರುಚಿಕೊಂಡಿದ್ದರೆ ಅದನ್ನು ಕೊಳ್ಳುವುದು ಬೇಡ.

ಶ್ರುತಿ ಮಾಡುವುದು

ಪಾಶ್ಚಾತ್ಯ ಪದ್ಧತಿಯಲ್ಲಿ ನಾಲ್ಕು ತಂತಿಗಳೂ ಐದೈದು ಸ್ವರಗಳ ಅಂತರದಲ್ಲಿರುತ್ತವೆ. ನಮ್ಮಲ್ಲಿ ದಪ್ಪ ತಂತಿಯಿಂದ ಹೊರಟು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು ಕೂಡಿಸುತ್ತೇವೆ (ಷಡ್ಜ ಎಂದರೆ ಸ, ಪಂಚಮ ಎಂದರೆ ಪ; ಮಂದ್ರ ಕೆಳಗಿನ ಸ್ಥಾಯಿ, ಮಧ್ಯ ನಡುವಿನದು). ಇವು ಸಾಮಾನ್ಯವಾಗಿ ಪಾಶ್ಚಾತ್ಯ ಕ್ರಮಕ್ಕಿಂತ ತಗ್ಗಿನಲ್ಲಿರುತ್ತವೆ. ಯಾವ ಶ್ರುತಿ ಎಂಬುದನ್ನು ಗುರುಗಳು ನಿಮ್ಮ ಕಂಠವನ್ನೂ ತಂತಿಯನ್ನೂ ನೋಡಿ ಹೇಳುತ್ತಾರೆ. ಶ್ರುತಿಪೆಟ್ಟಿಗೆ ಅಥವಾ ವಿದ್ಯುನ್ಮಾನ ತಂಬೂರಿ ಅಗತ್ಯವಾಗಿ ಬೇಕು. ಮೊಬೈಲಿನ ತಂಬೂರಿಯೂ ಆಗುತ್ತದೆ, ಆದರೆ ಅದರ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಸರಿಯಾಗಿ ಕೇಳಿಸದು, ಬೇರೆ ಸ್ಪೀಕರಿಗೆ ಜೋಡಿಸಿಕೊಳ್ಳಿ.

ಮೊದಲನೆಯದು, ಎರಡನೆಯದು ಎನ್ನುವಾಗ ಸಣ್ಣ ತಂತಿಯಿಂದ ಎಣಿಸುತ್ತೇವೆ. ಮೊದಲು ಎರಡನೇ ತಂತಿಯ ಮಧ್ಯ ಷಡ್ಜವನ್ನು ತಂಬೂರಿಗೆ ಸೇರಿಸಿ, ಆಮೇಲೆ ಮೊದಲನೆಯದರ ಪಂಚಮ, ಕೊನೆಗೆ ಮಂದ್ರದ ಎರಡು. ಹೊಂದಿಕೆಯಾಗದ ಎರಡು ದನಿಗಳ ನಡುವೆ ಅಲೆಯಂತೆ ಏರಿಳಿಯುವ ಮಿಡಿತವೊಂದು ಕೇಳಿಸುತ್ತದೆ. ತಂತಿ ಶ್ರುತಿಗೆ ಹತ್ತಿರವಾದಂತೆ ಆ ಮಿಡಿತ ನಿಧಾನವಾಗುತ್ತದೆ, ಕೂಡಿದಾಗ ನಿಲ್ಲುತ್ತದೆ. ಟ್ಯೂನರ್ ಆ್ಯಪಿನ ಹಸಿರು ಗೆರೆಯನ್ನು ನೋಡಿ ಶ್ರುತಿ ಮಾಡುವವರಿಗೆ ಈ ಮಿಡಿತವನ್ನು ಕೇಳುವ ಅಭ್ಯಾಸವೇ ಆಗುವುದಿಲ್ಲ. ಆದ್ದರಿಂದ ಮೊದಲು ಕಿವಿಯಿಂದ ಕೂಡಿಸಿ, ಬೇಕಿದ್ದರೆ ಆಮೇಲೆ ಆ್ಯಪಿನಿಂದ ಸರಿನೋಡಿಕೊಳ್ಳಿ. ಮೊದಮೊದಲು ಇದಕ್ಕೇ ಹದಿನೈದು ನಿಮಿಷ ಹಿಡಿಯುತ್ತದೆ. ಅದನ್ನು ಅಭ್ಯಾಸದ ಭಾಗವೆಂದೇ ತಿಳಿಯಬೇಕು. ತಂತಿಯನ್ನು ಬಿಗಿ ಮಾಡುತ್ತಾ ಹೋದಂತೆ ಬ್ರಿಡ್ಜ್ ಪಟ್ಟಿಯ ಕಡೆಗೆ ವಾಲುತ್ತದೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ, ವಾಲಿದ್ದರೆ ಎರಡೂ ಕೈಗಳಿಂದ ಮೆಲ್ಲಗೆ ನೆಟ್ಟಗೆ ಮಾಡಿ.

ಬೆಂಗಳೂರಿನ ಹವೆಯೂ ಇದರಲ್ಲಿ ಪಾಲುದಾರ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ಮರ ಕುಗ್ಗಿ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರಿದರೆ ಸ್ವಲ್ಪ ಸೀಮೆಸುಣ್ಣದ ಪುಡಿ, ಕಚ್ಚಿಕೊಂಡರೆ ಒಣ ಸೋಪಿನ ತೆಳು ಸವರು ಸಾಕಾಗುತ್ತದೆ.

ಕೂರುವುದು

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ, ವಾದ್ಯದ ಸುರುಳಿ ತಲೆಯನ್ನು ಬಲಪಾದದ ಹರಡಿನ ಬಳಿ ಊರಿ, ಇನ್ನೊಂದು ತುದಿಯನ್ನು ಎದೆಗೂ ಎಡಭುಜಕ್ಕೂ ನಡುವೆ ಆನಿಸಬೇಕು. ಎದೆ ಮತ್ತು ಪಾದ ಎರಡೇ ವಾದ್ಯದ ಭಾರವನ್ನು ಹೊರುವುದರಿಂದ ಎಡಗೈ ಪೂರ್ತಿ ಸ್ವತಂತ್ರವಾಗಿರುತ್ತದೆ. ತಂತಿಯ ಉದ್ದಕ್ಕೂ ಜಾರಿ, ಸ್ವರವನ್ನು ಓಲಾಡಿಸುವ ಗಮಕ ನುಡಿಸಲು ಆಗುವುದು ಈ ಭಂಗಿಯಿಂದಲೇ. ಎಡಗೈ ವಾದ್ಯವನ್ನು ಹಿಡಿದುಕೊಂಡಿದೆ ಎನಿಸಿದರೆ ಭಂಗಿ ತಪ್ಪಿದೆ ಎಂದರ್ಥ.

ದಿನವಿಡೀ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಮುಂದೆ ಕೆಲಸ ಮಾಡುವವರಿಗೆ ನೆಲದ ಮೇಲೆ ಕೂರುವುದೇ ಕಷ್ಟ. ಸೊಂಟದ ಕೆಳಗೆ ಎರಡು ಅಂಗುಲದ ದಿಂಬು, ಪಾದದ ಮೇಲೆ ಮಡಿಸಿದ ಪಂಚೆಯ ತುಂಡು ಇಟ್ಟುಕೊಂಡರೆ ನೋವು ಬಹಳಷ್ಟು ತಗ್ಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಓಡಾಡಿ. ಮಂಡಿಯ ತೊಂದರೆ ಇರುವವರು ಸಂಕೋಚಪಡದೆ ಗುರುಗಳಿಗೆ ತಿಳಿಸಿ, ಕುರ್ಚಿಯಲ್ಲಿ ಕೂತು ನುಡಿಸುವ ಕ್ರಮವನ್ನು ಕೇಳಿ ತಿಳಿಯಬೇಕು. ಮಣಿಕಟ್ಟಿನಲ್ಲೋ ಕತ್ತಿನಲ್ಲೋ ಚುಚ್ಚುವ ನೋವು ಬಂದರೆ ಆ ದಿನಕ್ಕೆ ವಾದ್ಯವನ್ನು ಪೆಟ್ಟಿಗೆಯಲ್ಲಿಡಿ. ನೋವನ್ನು ಸಹಿಸಿಕೊಂಡು ನುಡಿಸುವುದು ಸಾಧನೆಯಲ್ಲ.

ಕಮಾನು

ಮೊದಲ ಕೆಲವು ವಾರಗಳು ಬಲಗೈಗೆ ಸೇರಿದವು. ಕಮಾನಿನ ತಿರುಪನ್ನು ಕೂದಲಿಗೂ ಕೋಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಅಂತರ ಬರುವವರೆಗೆ ಮಾತ್ರ ಬಿಗಿ ಮಾಡಬೇಕು, ನುಡಿಸಿ ಮುಗಿದ ಮೇಲೆ ಸಡಿಲಿಸಬೇಕು. ಹೊಸ ರಾಳದ ಬಿಲ್ಲೆ ಗಾಜಿನಂತೆ ನುಣುಪಾಗಿರುವುದರಿಂದ ಅದರ ಮೇಲೆ ಮರಳುಕಾಗದವನ್ನು ಒಂದೆರಡು ಬಾರಿ ಉಜ್ಜಿ, ಆಮೇಲೆ ಕಮಾನಿನ ಬುಡದಿಂದ ತುದಿಯವರೆಗೆ ಸವರಬೇಕು. ರಾಳವಿಲ್ಲದ ಕಮಾನು ತಂತಿಯ ಮೇಲೆ ಸದ್ದಿಲ್ಲದೆ ಜಾರುತ್ತದೆ. ಕೂದಲನ್ನು ಬೆರಳಿನಿಂದ ಮುಟ್ಟಬಾರದು, ಕೈಯ ಜಿಡ್ಡು ತಾಗಿದ ಕಡೆ ರಾಳ ಹಿಡಿಯುವುದಿಲ್ಲ.

ಹಿಡಿತದ ವಿಚಾರದಲ್ಲಿ ನನ್ನ ಗುರುಗಳು ಹೇಳಿದ್ದು ಇಷ್ಟು: ಹೆಬ್ಬೆರಳು ಬಾಗಿರಲಿ, ಕಿರುಬೆರಳು ಕೋಲಿನ ಮೇಲೆ ಕೂತಿರಲಿ, ಉಳಿದವು ತಾವಾಗಿ ಬೀಳಲಿ. ಹೆಬ್ಬೆರಳು ನೆಟ್ಟಗಾದ ಕೂಡಲೆ ಮಣಿಕಟ್ಟು ಬಿಗಿಯಾಗುತ್ತದೆ, ಮಣಿಕಟ್ಟು ಬಿಗಿಯಾದರೆ ಭುಜ ಏರುತ್ತದೆ, ನಾದ ಒರಟಾಗುತ್ತದೆ. ಇದನ್ನು ತಿಳಿಯಲು ಎದುರಿಗೆ ಕನ್ನಡಿ ಇಟ್ಟುಕೊಳ್ಳಿ. ಕಮಾನು ಬ್ರಿಡ್ಜಿಗೆ ಸಮಾನಾಂತರವಾಗಿ, ಬ್ರಿಡ್ಜಿಗೂ ಪಟ್ಟಿಯ ಕೊನೆಗೂ ನಡುವಿನ ಜಾಗದಲ್ಲಿಯೇ ಸಾಗುತ್ತಿದೆಯೇ ಎಂಬುದನ್ನು ಕನ್ನಡಿಯಲ್ಲಿ ನೋಡುವಷ್ಟು ಚೆನ್ನಾಗಿ ಬಗ್ಗಿ ನೋಡಲಾಗದು.

ಅಭ್ಯಾಸ ಸರಳ. ತಂಬೂರಿ ಹಾಕಿಕೊಂಡು, ಮಧ್ಯ ಷಡ್ಜದ ತೆರೆದ ತಂತಿಯ ಮೇಲೆ ಬುಡದಿಂದ ತುದಿಗೆ ಆದಿತಾಳದ 4 ಅಕ್ಷರ (ತಾಳದ ಎಣಿಕೆ), ತುದಿಯಿಂದ ಬುಡಕ್ಕೆ 4 ಅಕ್ಷರ ಎಳೆಯಬೇಕು. ಒಂದು ವಾರದ ಮೇಲೆ ಒಂದೊಂದು ಎಳೆತಕ್ಕೆ 8 ಅಕ್ಷರ. ಆಮೇಲೆ ಪಂಚಮ, ಆಮೇಲೆ ಮಂದ್ರದ ತಂತಿಗಳು, ಆಮೇಲೆ ಒಂದು ತಂತಿಯಿಂದ ಇನ್ನೊಂದಕ್ಕೆ ಪಕ್ಕದ ತಂತಿಯನ್ನು ತಾಗದಂತೆ ದಾಟುವುದು. ಕಿರ್ರೆನ್ನುವ ಸದ್ದು ಬಂದರೆ ಕಮಾನಿನ ವೇಗಕ್ಕೆ ಮೀರಿದ ಒತ್ತಡ ಬಿದ್ದಿದೆ, ಸಿಳ್ಳೆಯಂತೆ ತೆಳುವಾಗಿ ಬಂದರೆ ಒತ್ತಡ ಸಾಲದು ಅಥವಾ ಕಮಾನು ಓರೆಯಾಗಿದೆ. ತುದಿಯ ಹತ್ತಿರ ಕಮಾನು ಹಗುರಾಗುವುದರಿಂದ ಅಲ್ಲಿ ತೋರುಬೆರಳು ಸ್ವಲ್ಪ ಭಾರ ಕೊಡಬೇಕು; ಬುಡದಲ್ಲಿ ಭಾರ ಹೆಚ್ಚಾದ್ದರಿಂದ ಕಿರುಬೆರಳು ಎತ್ತಿ ಹಿಡಿಯಬೇಕು.

ಈ ಅಭ್ಯಾಸ ಬೇಸರ ತರಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ಮೂರನೆಯ ವಾರದ ಒಂದು ಬೆಳಗ್ಗೆ ಹಾಗೆಯೇ ಷಡ್ಜ ಎಳೆಯುತ್ತಿದ್ದಾಗ ಕಿರಕಿರಿ ಪೂರ್ತಿ ನಿಂತು, ನನ್ನ ತಂತಿಯ ದನಿ ಎಲ್ಲಿ ಮುಗಿಯಿತು, ತಂಬೂರಿಯ ದನಿ ಎಲ್ಲಿ ಆರಂಭವಾಯಿತು ಎಂದು ತಿಳಿಯದಂತೆ ಎರಡೂ ಒಂದಾದವು. ಅದು ನಾಲ್ಕು ಅಕ್ಷರದಷ್ಟು ಹೊತ್ತು ಇತ್ತು. ಎದೆಗೆ ಆನಿಸಿದ ಮರ ಮಿಡಿಯುವುದು ಪಕ್ಕೆಲುಬಿಗೆ ತಿಳಿಯುತ್ತಿತ್ತು. ಆ ನಾದ ಮತ್ತೆ ಬರಲೆಂದು ಅಂದು ಇನ್ನೂ ಅರ್ಧ ಗಂಟೆ ಕೂತೆ.

ಬೆರಳು

ನಮ್ಮಲ್ಲಿ ಆರಂಭದ ಪಾಠಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿವೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಪಿಟೀಲಿಗೆ ಈ ರಾಗ ಹೇಗೆ ಒದಗಿ ಬರುತ್ತದೆ ಎಂಬುದನ್ನು ಬೆರಳಿಟ್ಟು ನೋಡಿದರೆ ಸಂತೋಷವಾಗುತ್ತದೆ. ಎರಡನೇ ತಂತಿಯಲ್ಲಿ ಸ ತೆರೆದ ತಂತಿ, ರಿ ತೋರುಬೆರಳು, ಗ ನಡುಬೆರಳು, ಮ ಉಂಗುರಬೆರಳು. ಮೊದಲ ತಂತಿಯಲ್ಲಿ ಪ ತೆರೆದ ತಂತಿ, ದ, ನಿ, ಮೇಲಿನ ಸ ಅದೇ ಮೂರು ಬೆರಳುಗಳು, ಅವೇ ಅಂತರಗಳು. ಒಂದು ತಂತಿಯಲ್ಲಿ ಕಲಿತದ್ದು ನಾಲ್ಕೂ ತಂತಿಗಳಿಗೆ ಅನ್ವಯಿಸುತ್ತದೆ.

ಪೂರ್ಣ ಅಳತೆಯ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 33 ಸೆಂಟಿಮೀಟರ್. ಈ ಲೆಕ್ಕದಲ್ಲಿ ಈ ರಾಗದ ರಿ, ಅಂದರೆ ಶುದ್ಧ ರಿಷಭ, ತಂತಿ ಆರಂಭವಾಗುವ ತಲೆಗಟ್ಟಿನಿಂದ ಸುಮಾರು 2 ಸೆಂಟಿಮೀಟರಿನಲ್ಲಿಯೇ ಬರುತ್ತದೆ. ಅಲ್ಲಿಂದ ಈ ರಾಗದ ಗ ಆದ ‘ಅಂತರ ಗಾಂಧಾರ’ಕ್ಕೆ ಸುಮಾರು ನಾಲ್ಕೂವರೆ, ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಒಂದೂವರೆಯಷ್ಟೇ. ಅಂದರೆ ತೋರುಬೆರಳು ಹಿಂದಕ್ಕೆ ಸರಿದು ಕೂರಬೇಕು, ನಡುಬೆರಳು ದೂರಕ್ಕೆ ಚಾಚಬೇಕು, ಉಂಗುರಬೆರಳು ಅದಕ್ಕೆ ಅಂಟಿಕೊಂಡಂತೆ ಬರಬೇಕು. ವಯಸ್ಕರ ಬಿಗಿದ ಕೈಗೆ ರಿ ಮತ್ತು ಗ ನಡುವಿನ ಚಾಚು ಒಗ್ಗಲು ಸಮಯ ಬೇಕು. ರಿ ಏರುತ್ತದೆ, ಗ ಇಳಿಯುತ್ತದೆ. ಹೊಸಬರ ಅಪಸ್ವರದ ಬಹುಪಾಲು ಇಲ್ಲಿಯೇ ಹುಟ್ಟುತ್ತದೆ.

ಪಟ್ಟಿಯ ಮೇಲೆ ಬಣ್ಣದ ಟೇಪು ಅಂಟಿಸುವ ರೂಢಿ ಹಲವೆಡೆ ಇದೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ, ಹೆಚ್ಚೆಂದರೆ ಮಧ್ಯಮಕ್ಕೆ ಒಂದು ಸಣ್ಣ ಚುಕ್ಕೆ ಸಾಕು, ಏಕೆಂದರೆ ಟೇಪು ಇದ್ದರೆ ಕಣ್ಣು ಕೆಲಸ ಮಾಡುತ್ತದೆ, ಕಿವಿ ಸುಮ್ಮನಾಗುತ್ತದೆ. ವಾದ್ಯವೇ ನಮಗೆ ಸಾಕ್ಷಿ ಹೇಳುತ್ತದೆ. ಮೊದಲ ತಂತಿಯಲ್ಲಿ ಉಂಗುರಬೆರಳಿನಿಂದ ಮೇಲಿನ ಷಡ್ಜವನ್ನು ನುಡಿಸುವಾಗ ಪಕ್ಕದ ಎರಡನೇ ತಂತಿಯನ್ನು ನೋಡಿ. ಸ್ವರ ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದರೆ, ಯಾರೂ ಮುಟ್ಟದ ಆ ಷಡ್ಜದ ತಂತಿ ತಾನಾಗಿ ನಡುಗಿ ಮಸುಕಾಗಿ ಕಾಣುತ್ತದೆ, ನಾದ ತುಂಬಿಕೊಳ್ಳುತ್ತದೆ. ಬೆರಳನ್ನು ಒಂದಿಷ್ಟು ಸರಿಸಿದರೆ ಅದು ನಿಂತುಹೋಗುತ್ತದೆ. ಹಾಗೆಯೇ ಎರಡನೇ ತಂತಿಯಲ್ಲಿ ಕಿರುಬೆರಳಿನಿಂದ ಪಂಚಮ ನುಡಿಸಿದಾಗ ಮೊದಲ ತಂತಿ ನಡುಗಬೇಕು.

ವರಸೆ ಎಂಬ ಪ್ರತಿ ಸ್ವರಾಭ್ಯಾಸದ ಪಾಠಕ್ಕೂ ನಾನು ಇಟ್ಟುಕೊಂಡ ಕ್ರಮ ಹೀಗಿದೆ: ಮೊದಲು ತಾಳ ಹಾಕಿಕೊಂಡು ಹಾಡುವುದು, ಆಮೇಲೆ ಹಾಡುತ್ತಲೇ ಕಮಾನಿಲ್ಲದೆ ಬೆರಳು ಮಾತ್ರ ಇಡುವುದು, ಆಮೇಲೆ ಸ್ವರಕ್ಕೊಂದು ಎಳೆತದಂತೆ ನುಡಿಸುವುದು, ಕೊನೆಗೆ ಒಂದೇ ಎಳೆತದಲ್ಲಿ ಎರಡು ನಾಲ್ಕು ಸ್ವರಗಳನ್ನು ಕೂಡಿಸುವುದು. ಮೊದಲ ಕಾಲ, ಅಂದರೆ ನಿಧಾನದ ವೇಗ, ಶುದ್ಧವಾಗುವವರೆಗೆ ಅದರ ಇಮ್ಮಡಿ ವೇಗದ ಎರಡನೇ ಕಾಲಕ್ಕೆ ಹೋಗಬಾರದು. ಸರಳೆ ವರಸೆಯ ಬಳಿಕ ಜಂಟಿ ವರಸೆ, ದಾಟು ವರಸೆ, ಹೆಚ್ಚು ಸ್ಥಾಯಿ ವರಸೆ, ಸಪ್ತತಾಳದ ಅಲಂಕಾರಗಳು ಬರುತ್ತವೆ. ಜಂಟಿ ವರಸೆಯಲ್ಲಿ ಎರಡನೆಯ ಸ್ವರಕ್ಕೆ ಬೀಳುವ ಒತ್ತು ಬೆರಳಿಗೆ ಬಲ ಕೊಡುವುದರಿಂದ ಅದನ್ನು ಬೇಗ ಮುಗಿಸುವ ಯೋಚನೆ ಬೇಡ.

ಸಾಧನೆಯ ಹೊತ್ತು

ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಮೂವತ್ತು ನಿಮಿಷ ಕೂರುವುದು ಹೆಚ್ಚು ಫಲ ಕೊಡುತ್ತದೆ. ಐದು ನಿಮಿಷ ಶ್ರುತಿ, ಹತ್ತು ನಿಮಿಷ ತೆರೆದ ತಂತಿ, ಹತ್ತು ನಿಮಿಷ ಹಿಂದಿನ ಪಾಠ, ಐದು ನಿಮಿಷ ಹೊಸ ಪಾಠ ಎಂದು ಹಂಚಿಕೊಂಡರೆ ಸಾಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬ್ರಿಡ್ಜಿಗೆ ಸದ್ದು ತಗ್ಗಿಸುವ ರಬ್ಬರ್ ಮ್ಯೂಟ್ ಸಿಕ್ಕಿಸಿಕೊಂಡು ನುಡಿಸಬಹುದು. ಆದರೆ ಮ್ಯೂಟ್ ಹಾಕಿದಾಗ ಕಮಾನಿನ ದೋಷಗಳು ಅಡಗಿಬಿಡುವುದರಿಂದ ದಿನಕ್ಕೆ ಹತ್ತು ನಿಮಿಷವಾದರೂ ಅದನ್ನು ತೆಗೆದು ನುಡಿಸಬೇಕು. ಪಕ್ಕದ ಮನೆಯವರಿಗೆ ಹೊತ್ತನ್ನು ಮೊದಲೇ ತಿಳಿಸಿ ಕೇಳಿಕೊಂಡರೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮರುದಿನ ಕೇಳಿ. ನುಡಿಸುವಾಗ ಕೇಳಿಸದ ತಪ್ಪು ಆಗ ಕೇಳಿಸುತ್ತದೆ.

ಕೇಳ್ಮೆಗೆ ಈ ಊರಿನಲ್ಲಿ ಕೊರತೆಯಿಲ್ಲ. 1905ರಲ್ಲಿ ಆರಂಭವಾದ ಗಾಯನ ಸಮಾಜ, ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ, ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಎಲ್ಲವೂ ಹತ್ತಿರದಲ್ಲಿವೆ. ಪಿಟೀಲು ವಾದಕರ ಬಲಗೈ ಕಾಣುವಂಥ ಜಾಗ ಹಿಡಿದು, ಅವರು ಒಂದು ಎಳೆತದಲ್ಲಿ ಎಷ್ಟು ಸ್ವರ ನುಡಿಸುತ್ತಾರೆ, ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಕಮಾನು ಹೇಗೆ ತಿರುಗುತ್ತದೆ ಎಂಬುದನ್ನು ಮಾತ್ರ ನೋಡುತ್ತಾ ಒಂದು ಕಚೇರಿ ಕೇಳಿ. ಪರೀಕ್ಷೆ ಕಟ್ಟುವ ವಿಚಾರವನ್ನು ಮೊದಲ ವರ್ಷದಲ್ಲಿ ತಲೆಗೆ ಹಚ್ಚಿಕೊಳ್ಳಬೇಡಿ, ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಬಹುದೆಂದು ಗುರುಗಳೇ ಹೇಳುತ್ತಾರೆ.

ಪಿಳ್ಳಾರಿ ಗೀತೆಗೆ

ಅಲಂಕಾರಗಳು ಎರಡು ಕಾಲದಲ್ಲಿ ಶ್ರುತಿಶುದ್ಧವಾಗಿ ಬಂದ ಮೇಲೆ ಮಲಹರಿ ರಾಗದಲ್ಲಿರುವ ಪುರಂದರದಾಸರ ಪಿಳ್ಳಾರಿ ಗೀತೆಗಳೆಂಬ ಸರಳ ಹಾಡುಗಳಿಗೆ ಹೋಗಬಹುದು; ನನಗೆ ಇದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಮಲಹರಿ ಮಾಯಾಮಾಳವಗೌಳದಿಂದ ಹುಟ್ಟಿದ ರಾಗ, ಅಂದರೆ ಅದರ ಜನ್ಯವಾದ್ದರಿಂದ ಬೆರಳಿನ ಜಾಗಗಳು ಹಳೆಯವೇ. ಆರೋಹಣದಲ್ಲಿ ಗಾಂಧಾರವಿಲ್ಲ, ನಿಷಾದ ಎಲ್ಲಿಯೂ ಇಲ್ಲ. ಆದ್ದರಿಂದ ರಿಯಿಂದ ನೇರವಾಗಿ ಮಧ್ಯಮಕ್ಕೆ ಹಾರುವಾಗ ನಡುಬೆರಳು ರೂಢಿಯಂತೆ ತಂತಿಗೆ ಬೀಳದ ಹಾಗೆ ಎಚ್ಚರ ವಹಿಸಬೇಕು. ಸಾಹಿತ್ಯವನ್ನು ಬಾಯಿಪಾಠ ಮಾಡಿ, ತಾಳದೊಂದಿಗೆ ಹಾಡಿ, ಪದ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಕಮಾನು ತಿರುಗುವಂತೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಆಮೇಲೆ ವಾದ್ಯವನ್ನು ಕೈಗೆತ್ತಿಕೊಳ್ಳಿ.